ಕಹಿಯನ್ನೂ ತಿನ್ನಿಸುವ ಅಕ್ಷರ

ಚೀನೀ ಲಿಪಿ ಕಲಿಯಲು ಕೂತವರಿಗೆ ‘ಚಿ’ ಎನ್ನುವ ಅಕ್ಷರ ಬಹು ಬೇಗ ಎದುರಾಗುತ್ತದೆ. ನಾಲಿಗೆಯನ್ನು ಹಿಂದಕ್ಕೆ ಮಡಚಿ, ಉಸಿರು ಬಿಟ್ಟು, ದನಿಯನ್ನು ಮೇಲೆಯೇ ಒಂದೇ ಮಟ್ಟದಲ್ಲಿ ನಿಲ್ಲಿಸಿ ಹೇಳಬೇಕು. ಎಡಕ್ಕೊಂದು ಪುಟ್ಟ ಚೌಕ, ಅದು ಬಾಯಿ. ಬಲಕ್ಕೆ ‘ಬೇಡು’ ಎನ್ನುವ ಅಕ್ಷರ. ಒಟ್ಟು ಆರು ಗೀಟು. ಅರ್ಥ, ತಿನ್ನು. ಬೇಡುವ ಬಾಯಿ ಅಂದಮೇಲೆ ಹಸಿವೇ ಇರಬೇಕು ಎಂದು ಕಥೆ ಕಟ್ಟಲು ಯಾರಿಗಾದರೂ ಆಸೆಯಾದೀತು. ಆದರೆ ಬಲಗಡೆಯ ಭಾಗ ಬಂದು ಕೂತಿರುವುದು ಉಚ್ಚಾರದ ಸುಳಿವಿಗಾಗಿ. ಸೋಜಿಗವೆಂದರೆ ಈ ಅಕ್ಷರದ ಹಳೆಯ ಅರ್ಥ ತೊದಲು! ತೊದಲುವಿಕೆಯನ್ನು ಇವತ್ತಿಗೂ ‘ಕೋಚಿ’ ಅನ್ನುತ್ತಾರೆ. ತಿನ್ನುವುದಕ್ಕೆ ಹಿಂದೆ ಬೇರೆಯೇ ಪದವಿತ್ತು. ಕ್ಯಾಂಟನ್ ಕಡೆಯವರು ಅದನ್ನೇ ‘ಸಿಕ್’ ಎಂದು ಉಳಿಸಿಕೊಂಡಿದ್ದಾರೆ.

‘ಚಿ ಫಾನ್’ ಅಂದರೆ ಅನ್ನ ತಿನ್ನುವುದು. ಗೋಧಿ ಬೆಳೆಯುವ ಉತ್ತರದವರು ತಟ್ಟೆ ತುಂಬ ನೂಡಲ್ಸ್ ಹಾಕಿಕೊಂಡು ಕೂತಾಗಲೂ ಅದೇ ಮಾತು. ಬೀಜಿಂಗ್‌ನ ಹಳೆಯ ಓಣಿಗಳಲ್ಲಿ ಹಿರಿಯರು ಎದುರಾದರೆ ‘ಚಿ ಲೆ ಮಾ?’ ಅನ್ನುತ್ತಾರೆ. ನಮ್ಮ ‘ಊಟ ಆಯ್ತಾ?’ ಇದ್ದ ಹಾಗೇ. ಆಗಿಲ್ಲ ಎಂದರೂ ಯಾರೂ ಎಲೆ ಹಾಕುವುದಿಲ್ಲ.

ಅಲ್ಲಿಂದ ಮುಂದೆ ಈ ಅಕ್ಷರ ಅಡುಗೆಮನೆ ದಾಟುತ್ತದೆ. ಚದುರಂಗದಲ್ಲಿ ಎದುರಾಳಿಯ ಕಾಯಿ ತಿನ್ನುತ್ತಾರೆ, ವ್ಯಾಪಾರದಲ್ಲಿ ನಷ್ಟ ತಿನ್ನುತ್ತಾರೆ, ಬೆಚ್ಚಿಬಿದ್ದರೆ ಬೆರಗು ತಿನ್ನುತ್ತಾರೆ. ಶಾಂಘೈ ಮಾತಿನಲ್ಲಿ ಸಿಗರೇಟನ್ನೂ ತಿನ್ನುವುದುಂಟು. ಏಟು ತಿಂದು, ಲಂಚ ತಿಂದು, ತಲೆಯನ್ನೂ ತಿನ್ನುವ ಕನ್ನಡಿಗರಿಗೆ ಇದೇನು ಕಷ್ಟವಲ್ಲ.

ಪ್ರೀತಿಯಲ್ಲಿ ಮತ್ಸರ ಪಟ್ಟರೆ ‘ವಿನೆಗರ್ ತಿಂದರು’ ಅನ್ನುತ್ತಾರೆ. ಅದಕ್ಕೊಂದು ಕಥೆಯಿದೆ. ಏಳನೆಯ ಶತಮಾನದ ತಾಂಗ್ ವಂಶದ ದೊರೆ ತೈಜೊಂಗ್ ತನ್ನ ಮಂತ್ರಿ ಫಾಂಗ್ ಶುವಾನ್‌ಲಿಂಗ್‌ಗೆ ಉಪಪತ್ನಿಯರನ್ನು ಕೊಡಲು ಹೊರಟನಂತೆ. ಮಂತ್ರಿಯ ಹೆಂಡತಿ ಒಪ್ಪಲಿಲ್ಲ. ‘ಹಾಗಾದರೆ ಈ ವಿಷ ಕುಡಿ’ ಎಂದು ದೊರೆ ಬಟ್ಟಲು ಕಳಿಸಿದ. ಆಕೆ ಗಟಗಟ ಕುಡಿದೇಬಿಟ್ಟಳು. ಬಟ್ಟಲಲ್ಲಿದ್ದದ್ದು ವಿನೆಗರ್. ಕಥೆ ಸಂದುಹೋದ ಕಾಲದ್ದು, ನಿಜವೆಷ್ಟೋ. ಆ ಹೆಂಗಸಿನ ಎದೆಗಾರಿಕೆ ಮಾತ್ರ ನನಗೆ ಬಲು ಇಷ್ಟ. ನಮ್ಮ ಹೊಟ್ಟೆಕಿಚ್ಚು ಪಕ್ಕದ ಮನೆಯವರು ಕಾರು ಕೊಂಡರೂ ಹತ್ತಿಕೊಳ್ಳುತ್ತದೆ. ಈ ವಿನೆಗರ್ ಪ್ರೇಮಿಗಳ ಪಾಲಿನದು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ‘ಚಿ ಕು’, ಕಹಿ ತಿನ್ನುವುದು. ‘ಪಾಪ, ಬಹಳ ಕಷ್ಟ ಉಂಡವಳು’ ಅನ್ನುವಾಗ ನಮ್ಮಲ್ಲಿ ಮರುಕವಿರುತ್ತದೆ. ಅಲ್ಲಿ ಅದು ಹೊಗಳಿಕೆ. ಕಹಿ ತಿನ್ನಬಲ್ಲವನು ಕೆಲಸಕ್ಕೂ ಆದೀತು, ಸಂಬಂಧಕ್ಕೂ ಆದೀತು. ಹಳ್ಳಿ ಬಿಟ್ಟು ಶೆಂಜೆನ್‌ನ ಕಾರ್ಖಾನೆಗಳಿಗೆ ದುಡಿಯಲು ಬಂದವರನ್ನು ಮೆಚ್ಚಿ ಆಡುತ್ತಿದ್ದ ಮಾತೂ ಇದೇ. ಹೊಗಳಿಕೆಯ ಹೆಸರಲ್ಲಿ ಎಷ್ಟು ಜನರಿಗೆ ಎಷ್ಟು ಕಹಿ ಬಡಿಸಿದರೋ ಎಂದು ನನಗೆ ಸಂಕಟವಾಗುತ್ತದೆ. ಈ ಕಹಿ ಸಾಕೆನ್ನುವ ಹಾಗೆ 2021ರಲ್ಲಿ ಅಲ್ಲಿನ ಯುವಜನರ ನಡುವೆ ‘ತಾಂಗ್ ಪಿಂಗ್’ ಎಂಬ ಮಾತು ಹಬ್ಬಿತು. ಅಂದರೆ, ಓಟ ಸಾಕು, ಅಂಗಾತ ಮಲಗಿಬಿಡೋಣ ಎಂದು. ಹಿರಿಯರು ಸೋಮಾರಿತನ ಎಂದು ಬೈದರು. ನಾನಂತೂ ಆ ಹುಡುಗರ ಕಡೆ.