ಮರಿಯಪ್ಪನ ಡಬ್ಬಕ್ಕೆ ಕರೆಂಟು ಬಂದದ್ದು

ಗೌರಿಹಬ್ಬ ಹತ್ರ ಬಂತು ಅಂದ್ರೆ ನಮ್ಮ ಕಡೆ ಮನೆಗೆ ಸುಣ್ಣಬಣ್ಣ, ಅಟ್ಟ ಗುಡಿಸೋದು, ಪಾತ್ರೆಪಗಡ ಎಲ್ಲ ಈಚೆ ಹಾಕಿ ಬೆಳಗೋದು. ಹೋದ್ವರ್ಷನೂ ಹಂಗೇ ಏಣಿ ಹಾಕ್ಕಂಡು ಅಟ್ಟ ಹತ್ತಿದ್ದೆ. ಮುರಿದ ಮೊರ, ತೂತುಬಿದ್ದ ಕೊಳಗ, ನಮ್ಮತ್ತೆ ಕಾಲದ ಹಿತ್ತಾಳೆ ಚೊಂಬು, ಇವೆಲ್ಲದರ ಹಿಂದೆ ಮೂಲೇಲಿ ಒಂದು ರಟ್ಟಿನ ಡಬ್ಬ ಸಿಕ್ತು. ಸಣಬಿನ ದಾರದಲ್ಲಿ ಕಟ್ಟಿತ್ತು. ಗಂಟು ನೋಡಿದ ತಕ್ಷಣ ಗೊತ್ತಾಯ್ತು, ಇದು ನಮ್ಮೆಜಮಾನ್ರು ಹಾಕಿರೋ ಗಂಟು. ಏನು ಕಟ್ಟಿದ್ರೂ ಮೂರು ಸುತ್ತು ಸುತ್ತಿ ಬಿಗಿಯೋರು. ಅವರು ಹೋಗಿ ನಾಲ್ಕು ವರ್ಷ ಆಯ್ತು.

ಒಳಗಿದ್ದದ್ದು ವಿಡಿಯೋ ಗೇಮು.

ಈಗಿನ ಹೈಕ್ಳಿಗೆ ಗೇಮ್ ಅಂದ್ರೆ ಮೊಬೈಲು. ನಮ್ಮನೇಗೆ ಇದು ಬಂದಿದ್ದು 1999ರ ಬೇಸಿಗೇಲಿ. ಬೆಂಗಳೂರಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಲ್ಲಿ ತಗಂಡು, ಅಳಿಯನಿಗೆ ಅಂತ ತಂದ್ಕೊಟ್ಟಿದ್ದ. ಜಪಾನಿನ ನಿಂಟೆಂಡೋ ಕಂಪನಿಯೋರು 1983ರಲ್ಲಿ ಫ್ಯಾಮಿಕಾಮ್ ಅಂತ ಒಂದು ಗೇಮ್ ಸೆಟ್ಟು ಮಾಡಿದ್ರು. ಅದನ್ನ ನೋಡ್ಕಂಡು ಮಾಡಿದ ನಕಲು ಸೆಟ್ಟುಗಳು ಆಮೇಲೆ ನಮ್ಮ ದೇಶದ ಅಂಗಡಿಗಳಲ್ಲೆಲ್ಲ ತುಂಬ್ಕಂಡಿದ್ವು. ನಮ್ಮದೂ ಅಂಥದ್ದೇ ಒಂದು. ಟೀವಿಗೆ ಒಂದು ವೈರು, ಕರೆಂಟಿಗೆ ಒಂದು ಅಡಾಪ್ಟರ್, ಮೇಲೆ ಹಳದಿ ಕ್ಯಾಸೆಟ್ಟು ಸಿಗಿಸೋಕೆ ಒಂದು ಬಾಯಿ, ಆಡೋಕೆ ಎರಡು ರಿಮೋಟು.

ಸಿಂಧಘಟ್ಟದ ನಮ್ಮ ಬೀದೀಲಿ ಅದೇ ಮೊದಲನೇ ಗೇಮು. ಇಸ್ಕೂಲು ಬಿಟ್ಟಮೇಲೆ ಬಾಗಿಲ ತಾವ ಹತ್ತು ಹದಿನೈದು ಜೊತೆ ಚಪ್ಪಲಿ ಬಿದ್ದಿರೋವು. ಮೀಸೆ ಬಿಟ್ಟಿರೋ ಮಾರಿಯೋ ಎಗರೆಗರಿ ಓಡೋದನ್ನ ನೋಡಿ ನಮ್ಮತ್ತೆ, 'ಆ ಮರಿಯಪ್ಪಂಗೆ ಹೊಟ್ಟೆ ಹಸಿಯಾಕಿಲ್ವೇನವ್ವ, ಬೆಳಗಿಂದ ಓಡ್ತಾನೇ ಅವ್ನೆ' ಅನ್ನೋರು. ಅವತ್ತಿಂದ ಅದಕ್ಕೆ ಮರಿಯಪ್ಪನ ಡಬ್ಬ ಅಂತಲೇ ಹೆಸರಾಯ್ತು.

ಅದು ನಮ್ಮನೇಲಿ ಆಡಿದ್ದು ನಾಲ್ಕೇ ತಿಂಗಳು. ಒಂದು ಭಾನುವಾರ ನನ್ನ ಮಗ ಗುಂಡಿ ಒತ್ತಿದ, ಲೈಟು ಹತ್ತಲಿಲ್ಲ. ಮತ್ತೆ ಒತ್ತಿದ, ಇಲ್ಲ. ಐದನೇ ಕ್ಲಾಸಿನ ಹುಡುಗ, ಅಳು ಮುಖ ಮಾಡ್ಕಂಡು ನಿಂತ್ಕಂಡ. ನಮ್ಮೆಜಮಾನ್ರು ಕಬ್ಬಿನ ಗದ್ದೆಯಿಂದ ಬಂದೋರು, ಏನಾಯ್ತು ಅಂದ್ರು. ನಾನು ಒಲೆ ಮುಂದಿಂದಲೇ, 'ಇನ್ನೇನಾಯ್ತದೆ, ಹೊತ್ತುಮೂಡ್ದಾಗಿಂದ ಮುಳುಗೋ ತಂಕ ಅದ್ನೇ ಕುಟ್ಟೋನು, ಕೆಡಿಸಿಟ್ಟವ್ನೆ' ಅಂದುಬಿಟ್ಟೆ. ಅವರು ಎರಡು ಬಿಟ್ರು. ಕೆನ್ನೆ ಮೇಲೆ ಬೆರಳು ಮೂಡಿದ್ವು. ಸಾವಿರಾರು ರೂಪಾಯಿ ಸಾಮಾನು ಅಂತ ಬಯ್ಕಂಡು, ಅವತ್ತು ಸಾಯಂಕಾಲವೇ ಡಬ್ಬಕ್ಕೆ ತುಂಬಿ ದಾರ ಬಿಗಿದು ಅಟ್ಟಕ್ಕೆ ಹಾಕಿದ್ರು. ಮಗ ಆಮೇಲೆ ಒಂದು ದಿವಸನೂ ಅದರ ಹೆಸರು ಎತ್ತಲಿಲ್ಲ.

ಇಷ್ಟು ವರ್ಷ ನಾನೂ ಮರ್ತಿದ್ದೆ. ಡಬ್ಬ ಕೈಗೆ ಬಂದಾಗ ಮೊದಲು ಬಂದ ಯೋಚನೆ, ಹಬ್ಬಕ್ಕೆ ಮೊಮ್ಮಗ ಬತ್ತಾನೆ, ಒಂಬತ್ತು ವರ್ಷದೋನು, ಇದನ್ನ ರಿಪೇರಿ ಮಾಡಿಸಿಟ್ರೆ ಆಡ್ಕತ್ತಾನೆ ಅಂತ.

ಪಕ್ಕದ ಮನೆ ಹುಡುಗ ಐ.ಟಿ.ಐ.ನಲ್ಲಿ ಎಲೆಕ್ಟ್ರಿಷಿಯನ್ ಓದ್ತಾವ್ನೆ. ಕರೆದು ತೋರಿಸಿದೆ. ನಾನು ತಡೀನಾರದೆ ಆಗಲೇ ಪ್ಲಗ್ ಸಿಗಿಸೋಕೆ ಹೋಗಿದ್ದೆ. 'ಬ್ಯಾಡ ಕಣ್ ದೊಡ್ಡವ್ವ, ಮೊದ್ಲು ಅಡಾಪ್ಟರ್ ನೋಡವ, ಸೆಟ್ಟಿಗೆ ಆಮ್ಯಾಲೆ ಹಾಕವ' ಅಂದ. ಅದು ಒಳ್ಳೇ ಮಾತು. ನಿಮ್ಮನೇಲೂ ಇಂಥ ಹಳೇ ಸಾಮಾನು ಇದ್ರೆ ಇದನ್ನೇ ಮೊದಲು ಮಾಡಿ. ವೈರನ್ನ ಇಲಿ ಕಡಿದದೆಯೇ, ಅಡಾಪ್ಟರ್ ಮೂಸಿದ್ರೆ ಸುಟ್ಟ ವಾಸನೆ ಬತ್ತದೆಯೇ, ಅಲ್ಲಾಡಿಸಿದ್ರೆ ಒಳಗೆ ಏನಾದ್ರೂ ಗಲಗಲ ಅಂತದೆಯೇ ನೋಡ್ಕಬೇಕು. ಅಡಾಪ್ಟರನ್ನ ಮಾತ್ರ ಬಿಚ್ಚೋಕೆ ಹೋಗಬೇಡಿ. ಅದರೊಳಗೆ ಬರೋದು 230 ವೋಲ್ಟು. ಸೆಟ್ಟಿಗೆ ಬರೋದು 9 ವೋಲ್ಟು, ಅದು ಕೈಗೇನೂ ಮಾಡಲ್ಲ.

ಅಡಾಪ್ಟರಿಗೆ ಕರೆಂಟು ಕೊಟ್ಟು ಮಲ್ಟಿಮೀಟರ್ ಹಿಡಿದ. ಕೆಂಪು ಕಡ್ಡಿ ಪಿನ್ನಿನ ನಡುವಿನ ತೂತಿಗೆ, ಕಪ್ಪು ಕಡ್ಡಿ ಹೊರಗಿನ ಬಳೆಗೆ. ಹನ್ನೆರಡೂವರೆ ತೋರಿಸ್ತು. ಒಂಬತ್ತು ಅಂತ ಬರೆದದೆ, ಹನ್ನೆರಡೂವರೆ ಯಾಕೆ ಅಂತ ಕೇಳಿದೆ. ಇವು ಹಳೇ ಕಾಲದ ಅಡಾಪ್ಟರು, ಸೆಟ್ಟಿಗೆ ಸಿಗಿಸದೆ ಸುಮ್ಕೆ ಅಳೆದ್ರೆ ಜಾಸ್ತಿನೇ ತೋರಿಸ್ತವೆ, ಸೆಟ್ಟು ಎಳೆಯೋಕೆ ಶುರುಮಾಡಿದಾಗ ಇಳೀತದೆ ಅಂದ. ಅಡಾಪ್ಟರ್ ಸರಿ ಅದೆ ಅಂತಾಯ್ತು.

ಆಮೇಲೆ ಸೆಟ್ಟು ಮಗುಚಿ ಹಾಕಿ, ಪಿನ್ ಸಿಗಿಸೋ ಜಾಗದ ಪಕ್ಕ ಇದ್ದ ಸಣ್ಣ ಚಿತ್ರ ನೋಡಿದ. ನಡುವೆ ಒಂದು ಚುಕ್ಕಿ, ಸುತ್ತ ಅರ್ಧಚಂದ್ರ. ಚುಕ್ಕಿಗೆ ಮೈನಸ್, ಚಂದ್ರಕ್ಕೆ ಪ್ಲಸ್ ಬರೆದಿತ್ತು. ಅಡಾಪ್ಟರ್ ಮೇಲಿನ ಚಿತ್ರದಲ್ಲಿ ಉಲ್ಟಾ. ಚುಕ್ಕಿಗೆ ಪ್ಲಸ್, ಚಂದ್ರಕ್ಕೆ ಮೈನಸ್.

'ದೊಡ್ಡವ್ವ, ಇದು ಈ ಸೆಟ್ಟಿನ ಅಡಾಪ್ಟರ್ ಅಲ್ಲ ಕಣವ್ವ' ಅಂದ.

ನಾನು ಅಡಾಪ್ಟರನ್ನ ಈಸ್ಕಂಡು ನೋಡಿದೆ. ವೈರಿಗೆ ಒಂದು ಹಳದಿ ಬಟ್ಟೆ ಚೂರು ಕಟ್ಟಿತ್ತು. ಧೂಳು ಹಿಡಿದು ಮಣ್ಣು ಬಣ್ಣಕ್ಕೆ ಬಂದಿತ್ತು, ಆದ್ರೂ ನನ್ನ ರವಿಕೆ ಬಟ್ಟೆ ನನಗೆ ಗೊತ್ತಾಗಲ್ವೇ? ನಾನೇ ಕಟ್ಟಿದ್ದು. ಟೇಪ್ ರೆಕಾರ್ಡರ್ ಅಡಾಪ್ಟರಿಗೆ ಗುರುತು ಅಂತ.

ಆಗ ನಮ್ಮನೇಲಿ ರೇಡಿಯೋ ಮತ್ತೆ ಟೇಪು ಎರಡೂ ಇರೋ ಟೂ ಇನ್ ಒನ್ ಇತ್ತು. ಅದರದೂ 9 ವೋಲ್ಟು, ಅದೇ ಥರದ ಕಪ್ಪು ಅಡಾಪ್ಟರು, ಪಿನ್ನೂ ಅದೇ ಗಾತ್ರ. ಶನಿವಾರ ನಾನು ಮೇಜು ಒರೆಸೋವಾಗ ಎರಡನ್ನೂ ಕಿತ್ತು, ಒರೆಸಿ, ತಿರುಗಿ ಸಿಗಿಸಿದ್ದೆ. ಕಟ್ಟಿದ ಬಟ್ಟೆಯನ್ನ ನಾನೇ ನೋಡ್ಕಂಡಿರಲಿಲ್ಲ. ಇನ್ನೊಂದು ವಿಷಯ ಅವಾಗ ನೆನಪಾಯ್ತು. ಆ ಭಾನುವಾರ ಬೆಳಿಗ್ಗೆ ಆಕಾಶವಾಣಿ ಮೈಸೂರು ಹಾಕೋಣ ಅಂದ್ರೆ ರೇಡಿಯೋನೂ ಹಾಡಿರಲಿಲ್ಲ. ಕರೆಂಟು ಕಮ್ಮಿ ಅದೇನೋ ಅನ್ಕಂಡು ಸೆಲ್ಲು ಹಾಕಿ ಕೇಳಿದ್ದೆ. ರೇಡಿಯೋ ಉಳ್ಕಂಡ್ತು. ಅದರೊಳಗೆ ಉಲ್ಟಾ ಕರೆಂಟು ತಡೆಯೋ ಡಯೋಡ್ ಇತ್ತೇನೋ. ಗೇಮಿಗೆ ಆ ಪುಣ್ಯ ಇರಲಿಲ್ಲ.

ಪಿ.ಯು.ಸಿ.ಲಿ ಸೈನ್ಸ್ ಓದಿದೋಳು ನಾನು. ಪ್ಲಸ್ಸು ಮೈನಸ್ಸು ಅದಲುಬದಲಾದ್ರೆ ಏನಾಯ್ತದೆ ಅಂತ ಪರೀಕ್ಷೇಲಿ ಬರೆದು ಪಾಸಾದೋಳು.

ಹುಡುಗನಿಗೆ ಏನೂ ಹೇಳಲಿಲ್ಲ. 'ಬುಡು ಮಗ, ಮುಂದೆ ನೋಡು' ಅಂದೆ.

ಅವನು ನಾಲ್ಕು ಸ್ಕ್ರೂ ಬಿಚ್ಚಿದ. ಒಳಗೆ ಕರೆಂಟು ಹೋಗೋ ದಾರೀನ ಒಂದೊಂದಾಗಿ ನೋಡ್ಕಂಡು ಹೋದ. ಇದನ್ನ ಬರೆದಿಡ್ತೀನಿ, ಯಾರಿಗಾದ್ರೂ ಉಪಯೋಗಕ್ಕೆ ಬರಲಿ. ಮೊದಲು ಪಿನ್ ಸಿಗಿಸೋ ಸಾಕೆಟ್ಟು. ಎಳೆದು ಎಳೆದು ಅದರ ಬೆಸುಗೆ ಬಿರುಕು ಬಿಟ್ಟಿರ್ತದೆ, ಪಿನ್ ಅಲ್ಲಾಡಿಸಿದ್ರೆ ಲೈಟು ಹತ್ತಿ ಆರೋದು ಅದಕ್ಕೇ. ಎರಡನೇದು ಆನ್ ಆಫ್ ಸ್ವಿಚ್ಚು. ಧೂಳು ಕೂತು ಒಳಗಿನ ತಗಡು ಮುಟ್ಟದೇ ಇರಬೋದು. ಮೂರನೇದು, ಮೂರು ಕಾಲಿನ ಒಂದು ಕಪ್ಪು ತುಂಡು, ಮೇಲೆ 7805 ಅಂತ ಬರೆದಿರ್ತದೆ. ಅಡಾಪ್ಟರಿಂದ ಬರೋ ಹೆಚ್ಚು ಕರೆಂಟನ್ನ ಸರಿಯಾಗಿ 5 ವೋಲ್ಟಿಗೆ ಇಳಿಸಿ ಕೊಡೋದು ಅದರ ಕೆಲಸ. ಬರಹ ನಮ್ಮ ಕಡೆಗಿದ್ರೆ ಎಡಗಡೆ ಕಾಲಿಗೆ ಬರೋದು, ನಡುವಿಂದು ಮೈನಸ್ಸು, ಬಲಗಡೆ ಕಾಲಿಂದ ಹೋಗೋದು.

ನಮ್ಮ ಹೊಸ ಟೀವಿ ಬಾಕ್ಸಿನ ಅಡಾಪ್ಟರುಗಳ ಮಧ್ಯೆ ಹುಡುಕಿದ್ರೂ ಸರಿಯಾದ್ದು ಸಿಗಲಿಲ್ಲ. ಕೊನೆಗೆ ಕೆಟ್ಟು ಮೂಲೆ ಸೇರಿದ್ದ ಟೂ ಇನ್ ಒನ್ ಡಬ್ಬ ತೆಗೆದೆ. ಗೇಮಿನ ಅಡಾಪ್ಟರು ಇಪ್ಪತ್ತೈದು ವರ್ಷದಿಂದ ಅಲ್ಲಿ ಕೂತಿತ್ತು. ಅದನ್ನ ಅಳೆದಾಗ ಮೀಟರಲ್ಲಿ ಅಂಕಿ ಹಿಂದೆ ಮೈನಸ್ ಗೆರೆ ಬಂತು. ಅಂದ್ರೆ ನಡುವೆ ಮೈನಸ್ಸು, ಸೆಟ್ಟಿಗೆ ಬೇಕಾದ್ದೇ. ಸಿಗಿಸಿ ನೋಡಿದ್ರೆ 7805ರ ಎಡಗಾಲಿಗೆ ಕರೆಂಟು ಬತ್ತಾ ಇತ್ತು, ಬಲಗಾಲಲ್ಲಿ ಸೊನ್ನೆ. ಪಕ್ಕದ ಕೆಪಾಸಿಟರ್ ತಲೆನೂ ಉಬ್ಬಿತ್ತು. ಅದಕ್ಕೂ ಪ್ಲಸ್ಸು ಮೈನಸ್ಸು ಇರ್ತದೆ, ಉಲ್ಟಾ ಕೊಟ್ರೆ ಉಬ್ಬಿ ಕೆಡ್ತದೆ.

ಹುಡುಗ ಪ್ಯಾಟೆಗೆ ಹೋಗಿ ಎರಡನ್ನೂ ತಂದ. ಎರಡೂ ಸೇರಿ ಐವತ್ತು ರೂಪಾಯಿ ಆಗಲಿಲ್ಲ. ಬೆಸುಗೆ ಹಾಕಿ ಗುಂಡಿ ಒತ್ತಿದ. ಕೆಂಪು ಲೈಟು ಹತ್ತಿತು. ಟೀವಿಗೆ ಹಳದಿ ಪಿನ್ ಸಿಗಿಸಿದ್ರೆ ಬರೀ ಬೂದು ಪರದೆ. ನಾನು ಮತ್ತೆ ಹೋಯ್ತು ಅನ್ಕಂಡೆ. ಲೈಟು ಹತ್ತಿ ಚಿತ್ರ ಬರದಿದ್ರೆ ಬಹಳ ಸಲ ಅದು ಕರೆಂಟಿನ ರೋಗ ಅಲ್ಲ, ಕ್ಯಾಸೆಟ್ಟಿನ ಕೊಳೆ. ಹೈಕ್ಳು ಉಫ್ ಅಂತ ಊದೋವು, ಉಗುಳಿನ ತೇವಕ್ಕೆ ಇನ್ನೂ ಕಿಲುಬು ಹಿಡೀತದೆ. ಬಟ್ಟೆ ತುದಿಗೆ ಸ್ಪಿರಿಟ್ಟು ಹಾಕಿ ಕ್ಯಾಸೆಟ್ಟಿನ ಹಲ್ಲು ಒರೆಸಿ, ಆರಿಸಿ, ಹಾಕಿದ್ವಿ. ಮರಿಯಪ್ಪ ಬಂದ.

ಹುಡುಗ ಹೋದಮೇಲೆ ಬಹಳ ಹೊತ್ತು ಅದರ ಮುಂದೆ ಕೂತಿದ್ದೆ. ಆ ಎರಡು ಏಟು ಬಿದ್ದದ್ದು ನನ್ನ ಮಾತಿಂದ. ಹೊಡೆದೋರಿಗೂ ಈಗ ಹೇಳೋಕಾಗಲ್ಲ. ದೀಪ ಹಚ್ಚೋವಾಗ ಫೋಟೋ ಮುಂದೆ ನಿಂತ್ಕಂಡು, 'ಅದು ಮಗ ಕೆಡಿಸಿದ್ದಲ್ಲ ಕಣ್ರೀ, ನಾನು' ಅಂದೆ. ಆಮೇಲೆ ಮಗನಿಗೆ ಫೋನ್ ಮಾಡಿದೆ. ಬೆಂಗಳೂರಲ್ಲಿ ಅವ್ನೆ. ಎಲ್ಲಾನೂ ಹೇಳಿದೆ. ಬಟ್ಟೆ ಚೂರು, ರೇಡಿಯೋ, ಎಲ್ಲ.

ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, 'ನಂಗೆ ಅವತ್ತೇ ಗೊತ್ತಿತ್ತು ಕಣವ್ವ' ಅಂದ.

'ಏನ್ಲಾ ಗೊತ್ತಿತ್ತು?'

'ಆನ್ ಆಗ್ನಿಲ್ವಲ್ಲ, ಹಿಂದೆ ಹೋಗಿ ನೋಡ್ದೆ. ಹಳದಿ ಬಟ್ಟೆದು ಸಿಗಿಸಿತ್ತು. ಅದ್ರಿಂದಲೇ ಕೆಡ್ತು ಅಂತ ಗೊತ್ತಿರ್ನಿಲ್ಲ. ನೀನು ಬದಲಾಯ್ಸಿದೀಯ ಅನ್ನದು ಗೊತ್ತಿತ್ತು.'

'ಮತ್ತೆ ಬಾಯಿ ಬಿಡಬಾರ್ದಾಗಿತ್ತೇನ್ಲಾ?'

'ಬಿಟ್ಟಿದ್ರೆ ಅಪ್ಪ ನಿನ್ ಮ್ಯಾಲೆ ಹಾರಾಡೋದು. ನಂಗಂತೂ ಬಿದ್ದಾಗಿತ್ತು' ಅಂದು ನಕ್ಕ.

ನನಗೆ ನಗು ಬರಲಿಲ್ಲ. ಫೋನ್ ಇಟ್ಟಮೇಲೂ ಸೆರಗು ಒದ್ದೆ ಆಗ್ತಾನೇ ಇತ್ತು. ಹತ್ತು ವರ್ಷದ ಹುಡುಗ ಅಷ್ಟು ಲೆಕ್ಕ ಹಾಕಿದ್ದ. ನಾನು ಒಲೆ ಮುಂದೆ ಕೂತ್ಕಂಡು, ಎದ್ದು ಬಂದು ಒಂದ್ಕಿತ ನೋಡೋ ಕೆಲಸನೂ ಮಾಡಿರಲಿಲ್ಲ.

ಹಬ್ಬಕ್ಕೆ ಎಲ್ಲರೂ ಬಂದ್ರು. ಮೊಮ್ಮಗ ಮೊದಲು ಇದೇನಜ್ಜಿ ಹಿಂಗದೆ ಅಂತ ಮೂಗು ಮುರಿದ, ಆಮೇಲೆ ಬಿಡಲೇ ಇಲ್ಲ. ಸಾಯಂಕಾಲ ಏಳು ಗಂಟೆ ಹೊತ್ತಿಗೆ ಗೇಮು ತಂತಾನೇ ಆರಿ ಮತ್ತೆ ಮೊದಲಿಂದ ಶುರುವಾಯ್ತು. ಅವನು ಹೆದರ್ಕಂಡು, 'ನಾನೇನೂ ಮಾಡ್ಲಿಲ್ಲ ಅಜ್ಜಿ' ಅಂದ. ಆ ಮಾತು ಕೇಳಿ ಎದೆ ಝಲ್ ಅಂತು.

ಅದು ಅವನ ತಪ್ಪಲ್ಲ, ವೋಲ್ಟೇಜಿಂದು. ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತು. ಆದ್ರೆ ಊರಲ್ಲಿ ಮೋಟಾರುಗಳೆಲ್ಲ ಒಟ್ಟಿಗೆ ಓಡೋ ಹೊತ್ತಿಗೆ ನಮ್ಮನೆ ಬಲ್ಬು ಕೆಂಪಗಾಗೋದು ಮಾತ್ರ ಇವತ್ತಿಗೂ ಉಂಟು. 230 ಇರಬೇಕಾದ್ದು 160ಕ್ಕೆ ಇಳಿದ್ರೆ, ಈ ಹಳೇ ಅಡಾಪ್ಟರಿಂದ ಬರೋ ಒಂಬತ್ತೂ ಅದೇ ಲೆಕ್ಕದಲ್ಲಿ ಆರು ಚಿಲ್ಲರೆಗೆ ಇಳೀತದೆ. 7805 ಐದು ಕೊಡಬೇಕು ಅಂದ್ರೆ ಅದಕ್ಕೆ ಏಳಾದ್ರೂ ಬರಬೇಕು. ಸಾಲದೇ ಹೋದಾಗ ಗೇಮು ತೂಕಡಿಸ್ತದೆ. ಸ್ಟೆಬಿಲೈಸರ್ ಇದ್ರೆ ಅದಕ್ಕೆ ಸಿಗಿಸಿ, ಇಲ್ದಿದ್ರೆ ಬೆಳಿಗ್ಗೆ ಹೊತ್ತು ಆಡಿ.

ಇದನ್ನೆಲ್ಲ ಮೊಮ್ಮಗನನ್ನ ಪಕ್ಕ ಕೂರಿಸ್ಕಂಡು ಹೇಳಿದೆ. ನನ್ನ ಮಗ ಬಾಗಿಲಿಗೆ ಒರಗಿ ಕೇಳಿಸ್ಕತ್ತಾ ಇದ್ದ. ಆಮೇಲೆ ಬಂದು ಎರಡನೇ ರಿಮೋಟು ಕೈಗೆ ತಗಂಡ.

ಈಗ ಗೇಮಿನ ಅಡಾಪ್ಟರಿಗೆ ಕೆಂಪು ಬಟ್ಟೆ ಕಟ್ಟಿದ್ದೀನಿ. ಸೆಟ್ಟಿನ ಬೆನ್ನಿಗೂ ಅದೇ ಕೆಂಪು ಬಟ್ಟೆ ಚೂರು ಗೋಂದು ಹಾಕಿ ಅಂಟಿಸಿದ್ದೀನಿ. ನಿಮ್ಮನೇಲೂ ಒಂದೇ ಥರದ ಅಡಾಪ್ಟರುಗಳು ಎರಡು ಮೂರು ಇರ್ತವೆ. ಎರಡು ಕಡೆಗೂ ಗುರುತು ಮಾಡಿಡಿ. ಏನಾದ್ರೂ ಕೆಟ್ಟು ಹೈಕ್ಳು ಅಳು ಮುಖ ಮಾಡ್ಕಂಡು ನಿಂತ್ರೆ, ಮೊದಲು ಎದ್ದು ಹೋಗಿ ಹಿಂದಿನ ವೈರು ನೋಡಿ.