ನೀರಿಗೆ ಪಾಲಿನ ಗೋಡೆ ಇಲ್ಲ

ಮೂವತ್ತು ವರ್ಷ ಕಂಬ ಹತ್ತಿ ಇಳಿದು ನಿವೃತ್ತರಾದ ಸಾಗರದ ಲೈನ್‌ಮನ್ ಒಬ್ಬರು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದರು. ಜುಲೈ ರಜೆ ಬಂತು. ಅಳಿಯ ಎಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು ಓಝಾರ್ಕ್ಸ್ ಸರೋವರಕ್ಕೆ ಹೊರಟ. ಅಲ್ಲಿ ಅವನ ಗೆಳೆಯನಿಗೆ ಒಂದು ಮನೆ, ಮನೆಯ ಜೊತೆಗೆ ನೀರಿನ ಮೇಲೆ ಒಂದು ಪಾಲು.

ಈ ಸರೋವರವೂ ಲಿಂಗನಮಕ್ಕಿಯ ಹಾಗೆ ವಿದ್ಯುತ್ತಿಗಾಗಿ ಹುಟ್ಟಿದ್ದು. ಮಿಸೌರಿ ರಾಜ್ಯದ ಓಸೇಜ್ ನದಿಗೆ ಅಡ್ಡಲಾಗಿ ಬ್ಯಾಗ್ನೆಲ್ ಅಣೆಕಟ್ಟು 1931ರಲ್ಲಿ ಮುಗಿಯಿತು. ಆದರೆ ಇಲ್ಲಿ ದಡದವರೆಗೂ ಮನೆಗಳು. ಸುಮಾರು 1,800 ಕಿಲೋಮೀಟರ್ ಉದ್ದದ ಅಂಕುಡೊಂಕು ದಂಡೆ, ಅದರ ತುಂಬ ‘ಡಾಕ್’ಗಳು. ಡಾಕ್ ಎಂದರೆ ದೋಣಿ ಕಟ್ಟುವ ತೇಲುವ ಅಟ್ಟ. ಪ್ರತಿ ಮನೆಗೂ ಒಂದೊಂದು ಹಾಕಲು ಜಾಗವೆಲ್ಲಿ? ಹಾಗಾಗಿ ಕೆಲವು ಕಡೆ ಹತ್ತಾರು ಮನೆಗಳು ಸೇರಿ ಒಂದೇ ಡಾಕ್ ಹಂಚಿಕೊಳ್ಳುತ್ತವೆ. ದನದ ಕೊಟ್ಟಿಗೆಯಲ್ಲಿ ಗೊಂತು ಇರುವಂತೆ ದೋಣಿಗೊಂದು ಅಂಕಣ. ಮೇಲೆ ಮಾಡು, ದೀಪ, ದೋಣಿಯನ್ನು ನೀರಿನಿಂದ ಎತ್ತಲು ವಿದ್ಯುತ್ ಯಂತ್ರ.

ಇದಕ್ಕೆಲ್ಲ ಅಣೆಕಟ್ಟಿನ ಒಡೆತನವಿರುವ ವಿದ್ಯುತ್ ಕಂಪನಿಯ ಪರವಾನಗಿ ಬೇಕು. ಡಾಕ್ ನೀರಿನೊಳಗೆ ಎಷ್ಟು ದೂರ ಚಾಚಬಹುದು, ತೇಲಿಸುವ ಥರ್ಮಾಕೋಲ್ ಪುಡಿಯಾಗಿ ಕೆರೆ ಸೇರದಂತೆ ಅದಕ್ಕೆ ಹೇಗೆ ಕವಚ ಹಾಕಬೇಕು, ಎಲ್ಲಕ್ಕೂ ನಿಯಮ. ವೈರಿಂಗನ್ನು ಪರೀಕ್ಷಿಸುವುದು ಸ್ಥಳೀಯ ಅಗ್ನಿಶಾಮಕ ದಳ.

“ನೋಡಿ ಮಾವ, ಇಲ್ಲಿ ದೋಣಿ ಕಟ್ಟೋಕೂ ಲೈಸೆನ್ಸು!” ಎಂದು ಅಳಿಯ ನಕ್ಕ.

ಮಾವ ನಗಲಿಲ್ಲ. ಅವರ ಕಣ್ಣು ಒಂದು ಕಂಬದ ಬುಡದಲ್ಲಿತ್ತು. ಅಲೆಗೆ ಡಾಕ್ ಅಲುಗಿದಾಗಲೆಲ್ಲ ಒಂದು ವೈರು ಕಬ್ಬಿಣಕ್ಕೆ ಉಜ್ಜುತ್ತಿತ್ತು. ಅಷ್ಟರಲ್ಲಿ ಚಡ್ಡಿ ಹಾಕಿಕೊಂಡ ಮೊಮ್ಮಗ ಓಡಿ ಬಂದ: “ಅಜ್ಜ, ಹಾರ್ಲಾ?”

“ಬೇಡ ಪುಟ್ಟ” ಎಂದು ಅವರು ಅವನ ರಟ್ಟೆ ಹಿಡಿದೇಬಿಟ್ಟರು.

ಅವರ ಮನಸ್ಸಿನಲ್ಲಿದ್ದದ್ದು ಊರಿನ ಒಂದು ತೋಟದ ಕೆರೆ. ಪಂಪ್‌ಸೆಟ್ಟಿನ ವೈರು ಸುಲಿದು ನೀರಿಗೆ ತಾಗಿತ್ತು. ಇಳಿದವನೊಬ್ಬ ಒದ್ದಾಡಿದ, ಎತ್ತಲು ಹಾರಿದ ಅಣ್ಣನೂ ಮೇಲೇಳಲಿಲ್ಲ. ಇವರು ಹೋಗಿ ಫ್ಯೂಸ್ ಕಿತ್ತಾಗ ಹೊತ್ತು ಮೀರಿತ್ತು.

ಸಿಹಿನೀರಿನ ಗುಣವೇ ಹಾಗೆ. ಉಪ್ಪುನೀರು ಮೈಗಿಂತ ಚೆನ್ನಾಗಿ ವಿದ್ಯುತ್ ಹರಿಸುವುದರಿಂದ ಸಮುದ್ರದಲ್ಲಿ ಹೆಚ್ಚಿನ ವಿದ್ಯುತ್ತು ಮೈಯನ್ನು ಬಳಸಿ ಹೋಗುತ್ತದೆ. ಕೆರೆಯ ನೀರಿಗಿಂತ ನಮ್ಮ ಉಪ್ಪುರಕ್ತದ ಮೈಯೇ ಅದಕ್ಕೆ ಸುಲಭದ ದಾರಿ. ಹತ್ತಿಪ್ಪತ್ತು ಮಿಲಿಆಂಪಿಯರ್ ಸಾಕು, ಕೈಕಾಲು ಮಾತು ಕೇಳುವುದಿಲ್ಲ. ಈಜು ಬಲ್ಲವನೂ ಮುಳುಗುತ್ತಾನೆ. ಮೈಮೇಲೆ ಸುಟ್ಟ ಗುರುತು ಉಳಿಯದಿರುವುದರಿಂದ ಬರೀ ನೀರುಪಾಲು ಎಂದು ಬರೆದು ಮುಗಿಸುವುದೂ ಉಂಟು.

ಇದೇ ಸರೋವರದಲ್ಲಿ 2012ರ ಜುಲೈ 4ರಂದು ಡಾಕ್ ಬಳಿ ಈಜುತ್ತಿದ್ದ ಅಕ್ಕ ತಮ್ಮ ಹೀಗೆಯೇ ತೀರಿಕೊಂಡರು. ಅದೇ ದಿನ ಟೆನೆಸ್ಸಿ ರಾಜ್ಯದ ಚೆರೋಕೀ ಸರೋವರದಲ್ಲಿ ಇಬ್ಬರು ಹುಡುಗರಿಗೆ ಶಾಕ್ ಹೊಡೆಯಿತು, ಅವರೂ ಉಳಿಯಲಿಲ್ಲ. ಆ ರಾಜ್ಯ 2014ರಲ್ಲಿ ಕಾನೂನು ಮಾಡಿ ದೋಣಿ ನಿಲ್ದಾಣಗಳಲ್ಲಿ ಎಚ್ಚರಿಕೆ ಫಲಕ, ತಪಾಸಣೆ ಮತ್ತು ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ ಸಾಧನವನ್ನು ಕಡ್ಡಾಯ ಮಾಡಿತು. ಆ ಸಾಧನ ನಮ್ಮ ಮನೆಗಳ ಇಎಲ್‌ಸಿಬಿಯ ನೆಂಟ. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ಲೆಕ್ಕ ತಾಳೆಯಾಗದಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಕಡಿದು ಹಾಕುತ್ತದೆ.

ಮೇನ್ ಸ್ವಿಚ್ ಆರಿಸಿ, ಪಾಲುದಾರರೆಲ್ಲ ಸೇರಿದರು. ಸವೆದ ವೈರು ತುದಿಯ ಅಂಕಣದವರದು. “ನನ್ನ ದೋಣಿಗೆ ಎತ್ತುವ ಯಂತ್ರವೇ ಇಲ್ಲ. ರಿಪೇರಿಗೆ ನಾನೇಕೆ ಹಣ ಕೊಡಲಿ?” ಎಂದರು ಒಬ್ಬರು. ಅಳಿಯ ಆ ಮಾತನ್ನು ಕನ್ನಡಕ್ಕೆ ತಿರುಗಿಸಿದ.

“ಅಂಕಣ ಬೇರೆ ಬೇರೆ. ನೀರು ಒಂದೇ ಅಲ್ವಾ?” ಎಂದರು ಮಾವ.

ಅಳಿಯ ಅದನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ ಯಾರೂ ಹೆಚ್ಚು ಮಾತಾಡಲಿಲ್ಲ. ಪರಿಣತ ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಬಿತ್ತು. ನೀರಲ್ಲಿ ಯಾರಿಗಾದರೂ ಶಾಕ್ ಹೊಡೆದರೆ ಹಿಂದೆಯೇ ಹಾರಬಾರದು, ಮೊದಲು ವಿದ್ಯುತ್ ಆರಿಸಿ ಹಗ್ಗವನ್ನೋ ತೇಲುಬಳೆಯನ್ನೋ ಎಸೆಯಬೇಕು ಎಂಬುದನ್ನು ಮಾವ ಕೈಸನ್ನೆಯಲ್ಲೇ ತೋರಿಸಿದರು.

ಮುಖ ಊದಿಸಿಕೊಂಡಿದ್ದ ಮೊಮ್ಮಗನನ್ನು ಮಧ್ಯಾಹ್ನ ಅದೇ ಸರೋವರದ ಸರ್ಕಾರಿ ಉದ್ಯಾನದ ಮರಳು ದಂಡೆಗೆ ಕರೆದೊಯ್ದರು. ಅಲ್ಲಿ ಡಾಕ್ ಇರಲಿಲ್ಲ. ಹುಡುಗ ಮನಸಾರೆ ಈಜಿದ. ಅಜ್ಜ ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತೇ ಇದ್ದರು, ಅವನು ಮೇಲೆ ಬರುವವರೆಗೆ.