ಗೆಳೆಯರು ರಜೆ ಹಾಕಿದ ದಿನ

ಕಳೆದ ಏಪ್ರಿಲ್-ಮೇ ರಜೆಯಲ್ಲಿ ಉಮ್ಮನ ಜೊತೆ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬಂದೆ. ಅಕ್ಕ, ಭಾವ ಓಕ್‌ಲ್ಯಾಂಡಿನಲ್ಲಿದ್ದಾರೆ. "ವೀಲ್‌ಚೇರಿನಲ್ಲಿ ಅಷ್ಟು ದೂರ ಹೇಗೆ ಹೋದೆ?" ಎಂದು ಕ್ಲಾಸಿನಲ್ಲಿ ಎಲ್ಲರೂ ಕೇಳುತ್ತಿದ್ದರು. ಅದನ್ನೇ ಬರೆದು ಕೊಡು ಎಂದರು ಕನ್ನಡ ಸರ್.

ಹೋಗುವುದು ಅಂಥ ಕಷ್ಟವಲ್ಲ. ವಿಮಾನದ ಬಾಗಿಲಿನವರೆಗೆ ನಮ್ಮದೇ ಕುರ್ಚಿ. ಒಳಗೆ ದಾರಿ ಕಿರಿದು, ಆದ್ದರಿಂದ ಸಪೂರ ಕುರ್ಚಿಯೊಂದರಲ್ಲಿ ಬೆಲ್ಟ್ ಕಟ್ಟಿ ಸೀಟಿಗೆ ಒಯ್ಯುತ್ತಾರೆ. ನಮ್ಮ ಕುರ್ಚಿ ಪೆಟ್ಟಿಗೆಗಳ ಜೊತೆ ಕೆಳಗೆ ಹೋಗುತ್ತದೆ. ಇಳಿದಾಗ ನನ್ನ ಕುರ್ಚಿಯ ಬಲಗಾಲಿನ ಫುಟ್‌ರೆಸ್ಟ್ ಮುರಿದಿತ್ತು. "ಹೋಗಲಿ ಬಿಡು, ತಲುಪಿದೆವಲ್ಲ, ಅಲ್‌ಹಮ್ದುಲಿಲ್ಲಾಹ್" ಎಂದರು ಉಮ್ಮ.

ಆ ಫುಟ್‌ರೆಸ್ಟಿನಿಂದಾಗಿ ನನಗೆ ಇಬ್ಬರು ಸ್ನೇಹಿತರು ಸಿಕ್ಕಿದರು. ರಿಪೇರಿ ಎಲ್ಲಿ ಎಂದು ವಿಚಾರಿಸಲು ಭಾವ ನನ್ನನ್ನು ಬರ್ಕ್ಲಿಯ ಎಡ್ ರಾಬರ್ಟ್ಸ್ ಕ್ಯಾಂಪಸ್‌ಗೆ ಕರೆದುಕೊಂಡು ಹೋದರು. ಆಶ್‌ಬಿ ರೈಲು ನಿಲ್ದಾಣದಲ್ಲೇ ಇರುವ, 2010ರಲ್ಲಿ ತೆರೆದ ಕಟ್ಟಡ ಅದು. ಅಂಗವಿಕಲರ ಹಲವು ಸಂಸ್ಥೆಗಳು ಅಲ್ಲಿವೆ. ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಸುತ್ತಿಕೊಂಡು ಮೇಲೇರುವ ದೊಡ್ಡ ಕೆಂಪು ರ‍್ಯಾಂಪ್. ಅಲ್ಲಿ ಕೆಲಸ ಮಾಡುವ ಒಬ್ಬ ಮೇಡಂ ನನ್ನ ಹಾಗೆಯೇ ವೀಲ್‌ಚೇರಿನವರು. ಇನ್ನೊಬ್ಬ ಕಾಲೇಜು ಹುಡುಗ. ಸೆರೆಬ್ರಲ್ ಪಾಲ್ಸಿಯಿಂದ ಮಾತು ನಿಧಾನ, ತಮಾಷೆ ಮಾತ್ರ ಜೋರು. ಮೇಡಂ ರಿಪೇರಿ ಅಂಗಡಿಯ ವಿಳಾಸ ಕೊಡುವ ಮೊದಲು ನನ್ನನ್ನು ಕೂರಿಸಿ ವಿಮಾನದವರಿಗೆ ದೂರು ಬರೆಸಿದರು. ಹದಿನೈದು ದಿನದಲ್ಲಿ ರಿಪೇರಿಯ ಹಣ ಬಂತು.

ಎಡ್ ರಾಬರ್ಟ್ಸ್ ಯಾರೆಂದು ಅವರೇ ಹೇಳಿದರು. 14ನೇ ವಯಸ್ಸಿನಲ್ಲಿ ಪೋಲಿಯೊ ಬಂದು, ಉಸಿರಾಟಕ್ಕೆ ದೊಡ್ಡ ಕಬ್ಬಿಣದ ಯಂತ್ರದೊಳಗೆ ಮಲಗಬೇಕಾಗಿದ್ದ ಮನುಷ್ಯ. 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯ ಸೇರಿದರು. ಆ ಯಂತ್ರಕ್ಕೆ ಹಾಸ್ಟೆಲಿನಲ್ಲಿ ಜಾಗವಿಲ್ಲದೆ ಕ್ಯಾಂಪಸ್ಸಿನ ಆಸ್ಪತ್ರೆಯಲ್ಲಿದ್ದುಕೊಂಡೇ ಓದಿದರು. 1972ರಲ್ಲಿ ಗೆಳೆಯರ ಜೊತೆ ಸೇರಿ ಅಂಗವಿಕಲರು ಸ್ವತಂತ್ರವಾಗಿ ಬದುಕಲು ನೆರವಾಗುವ ಕೇಂದ್ರ ಕಟ್ಟಿದರು. ಈತನಿಂದ ಕೆಲಸ ಸಾಧ್ಯವೇ ಇಲ್ಲ ಎಂದು ಹಿಂದೆ ಹೇಳಿದ್ದ ಸರ್ಕಾರಿ ಇಲಾಖೆಗೇ ಮುಂದೆ ನಿರ್ದೇಶಕರಾದರು!

1977ರ ಕಥೆ ಇನ್ನೂ ದೊಡ್ಡದು. ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಅಂಗವಿಕಲರಿಗೆ ಭೇದ ಮಾಡಬಾರದೆಂದು 1973ರಲ್ಲೇ ಕಾನೂನಾಗಿತ್ತು, ನಿಯಮಗಳಿಗೆ ಸಹಿ ಬಿದ್ದಿರಲಿಲ್ಲ. ನೂರಕ್ಕೂ ಹೆಚ್ಚು ಅಂಗವಿಕಲರು ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಚೇರಿಯೊಳಗೆ ಮೂರು ವಾರಕ್ಕೂ ಹೆಚ್ಚು ಕಾಲ ಕುಳಿತರು. ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಅವರಿಗೆ ಊಟ ತಂದು ಕೊಟ್ಟರು. ಕೊನೆಗೆ ಸಹಿ ಬಿತ್ತು.

ಹಾಗೆಂದು ಅಲ್ಲಿ ಎಲ್ಲವೂ ಸರಿ ಇದೆ ಎಂದಲ್ಲ. ಒಂದು ದಿನ ರೈಲು ನಿಲ್ದಾಣದ ಲಿಫ್ಟ್ ಕೆಟ್ಟಿತ್ತು. ನಾನು ಸುಮ್ಮನೆ ಕಾದೆ, ಆ ಹುಡುಗ ಫೋನ್ ತೆಗೆದು ದೂರು ಕೊಟ್ಟ. "ನಾವು ಹೇಳದಿದ್ದರೆ ಅದು ಕೆಟ್ಟಿದೆಯೆಂದು ಅವರಿಗೆ ಗೊತ್ತಾಗುವುದು ಹೇಗೆ?" ಎಂದ. ಆಮೇಲೆ ನನ್ನನ್ನು ಕೇಳಿದ, "ನಿನ್ನ ಕೆಮಿಸ್ಟ್ರಿ ಲ್ಯಾಬ್ ಯಾವ ಮಹಡಿಯಲ್ಲಿದೆ?"

"ಮೊದಲ ಮಹಡಿ. ಗೆಳೆಯರು ಎತ್ತಿಕೊಂಡು ಹೋಗುತ್ತಾರೆ."

"ಅವರು ರಜೆ ಹಾಕಿದ ದಿನ?"

ಅವರು ರಜೆ ಹಾಕಿದ ದಿನ ನನಗೆ ಪ್ರಾಕ್ಟಿಕಲ್ ಇಲ್ಲ. ನನ್ನ ನಾಲ್ವರು ಗೆಳೆಯರ ಪ್ರೀತಿ ನನಗೆ ಗೊತ್ತು. ಜ್ವರವಿದ್ದರೂ ನನಗಾಗಿ ಬಂದವರಿದ್ದಾರೆ. ಆದರೆ ನನ್ನ ಓದು ಅವರ ಬೆನ್ನುನೋವಿನ ಮೇಲೆ ನಿಲ್ಲಬಾರದು.

ನನಗೆ ಜಾವೇದ್ ಅಬೀದಿಯವರ ಹೆಸರು ಹೇಳಿದ್ದೂ ಮೇಡಂ ಅವರೇ. ನಮ್ಮ ದೇಶದವರ ಹೆಸರನ್ನು ಅಷ್ಟು ದೂರ ಹೋಗಿ ಕೇಳಬೇಕಾಯಿತು! ಅಲಿಗಢದಲ್ಲಿ ಹುಟ್ಟಿ, ವೀಲ್‌ಚೇರಿನಲ್ಲೇ ಅಮೆರಿಕದಲ್ಲಿ ಓದಿ, ಊರಿಗೆ ಮರಳಿದವರು ಅವರು. 1995ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಅವರು ಮುಂದೆ ನಿಂತು ಪ್ರತಿಭಟಿಸಿದರು. ಆ ತಿಂಗಳೇ ಸಂಸತ್ತಿನಲ್ಲಿ ಅಂಗವಿಕಲರ ಕಾಯ್ದೆ ಪಾಸಾಯಿತು. 2018ರಲ್ಲಿ ತೀರಿಕೊಂಡರು. ಈಗಿರುವುದು 2016ರ ಕಾಯ್ದೆ. ಸರ್ಕಾರದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳ ಕಟ್ಟಡಗಳು ನಮ್ಮಂಥವರಿಗೂ ಹೋಗಿ ಬರುವಂತಿರಬೇಕು ಎನ್ನುತ್ತದೆ ಅದರ 16ನೇ ಕಲಂ.

ಬಂದ ಮೇಲೆ ಟೇಪು ಹಿಡಿದು ಅಳೆದೆವು. ಲೈಬ್ರರಿಯ ಮುಂದಿನ ಎರಡು ಮೆಟ್ಟಿಲು ಸೇರಿ ಒಂದು ಅಡಿ ಎತ್ತರ. ಒಂದು ಅಡಿಗೆ 12 ಅಡಿ ಉದ್ದದ ರ‍್ಯಾಂಪ್ ಬೇಕು. ಸೈಕಲ್ ಸ್ಟ್ಯಾಂಡ್ ಸ್ವಲ್ಪ ಸರಿಸಿದರೆ ಜಾಗವಿದೆ. ಲ್ಯಾಬನ್ನೇ ಕೆಳಗೆ ತರುವುದು ಸುಲಭವಲ್ಲ, ನನಗೆ ಗೊತ್ತು. ಆದರೆ ಕೆಳಗಿನ ಖಾಲಿ ಕೋಣೆಯಲ್ಲಿ ಒಂದು ಮೇಜು, ಒಂದು ನಲ್ಲಿ, ಒಂದು ಬರ್ನರ್ ಇದ್ದರೂ ಸಾಕು.

ಇಷ್ಟನ್ನೂ ಬರೆದು ಪ್ರಿನ್ಸಿಪಾಲ್ ಸರ್‌ಗೆ ಅರ್ಜಿ ಕೊಟ್ಟಿದ್ದೇನೆ. ಮೊದಲ ನಾಲ್ಕು ಸಹಿ ನನ್ನನ್ನು ಎತ್ತುವ ಗೆಳೆಯರದ್ದು. ಒಂದು ಪ್ರತಿ ನೋಟಿಸ್ ಬೋರ್ಡಿನ ಪಕ್ಕದ ಮೇಜಿನ ಮೇಲಿದೆ, ಪೆನ್ನೂ ಇದೆ. ಮಧ್ಯಾಹ್ನದ ಬಿಡುವಿನಲ್ಲಿ ನಾನೂ ಅಲ್ಲೇ ಇರುತ್ತೇನೆ, ಬನ್ನಿ.